ತೂಗುಹಾಕಿದ ಟಾಯರು

ಅಲ್ಲೂ ಹಾಗೇ. ಮರಕ್ಕೊಂದು ಟಾಯರು ತೂಗುಹಾಕಿದ್ದರೆ
ಪಂಕ್ಚರ್ ಅಂಗಡಿ ಎಂದೇ ಅರ್ಥ.
ಹುಯೆ ಬಿಟ್ಟು ಹೊಯ್ ಆನ್‌ಗೆ ಹೊರಟವಳು
ಹಾಯ್ ವಾನ್ ಘಟ್ಟದ ಬುಡದಲ್ಲಿ ಅದನ್ನು ಕಂಡು
ಭಾಷೆ ಬಂದವಳಂತೆ ಬ್ರೇಕು ಹಿಡಿದೆ.

ಪಿಂಚಣಿಯ ಮೊದಲ ವರ್ಷ. ಬಾಡಿಗೆ ಬೈಕು.
ಕ್ಲಚ್ಚಿಲ್ಲದ ಗೇರು, ಒಂದೇ ಕನ್ನಡಿ,
ಮುಂದಿನ ಬುಟ್ಟಿಯಲ್ಲಿ ಮಳೆಕೋಟು, ಊರಿಂದ ಒಯ್ದ ಅವಲಕ್ಕಿ.
ಅಂಗಡಿಯವಳು ಟ್ಯೂಬನ್ನು ಬೋಗುಣಿಯ ನೀರಿಗೆ ಅದ್ದಿ
ಗುಳ್ಳೆ ಎದ್ದಲ್ಲಿ ಬೆರಳಿಟ್ಟು ನನ್ನತ್ತ ನೋಡಿದಳು,
ನರ ಸಿಕ್ಕಾಗ ನಾನು ರೋಗಿಯತ್ತ ನೋಡುತ್ತಿದ್ದಂತೆ.

ಯಾವೂರು, ಎಂದಿರಬೇಕು.
ಕಾರವಾರ, ಎಂದೆ.
ಕಾ ರಾ ವಾ, ಎಂದಳು, ಉಪ್ಪು ನೋಡುವವರ ಹಾಗೆ.
ಅಷ್ಟೇ. ಯಾರ ಮಗಳು, ಯಾವ ಕೇರಿ, ಮದುವೆ ಯಾಕಾಗಲಿಲ್ಲ
ಎಂಬ ಮುಂದಿನ ಪ್ರಶ್ನೆಗಳಿಗೆ ಇಬ್ಬರಲ್ಲೂ ಶಬ್ದವಿರಲಿಲ್ಲ.
ಎಷ್ಟು ಹಗುರವಾಗಿ ಹತ್ತಿತು ಗಾಡಿ ಆ ಘಟ್ಟವನ್ನು!

ಹೊಯ್ ಆನ್‌ನಲ್ಲಿ ಮೂರು ದಿನ ಸೈಕಲ್ಲು ತುಳಿದೆ.
ಅರಿಶಿನ ಮೆತ್ತಿದಂಥ ಗೋಡೆಗಳು.
ಹಳೇ ವರ್ತಕರ ಮನೆಯೊಂದರ ಕಂಬದಲ್ಲಿ
ಹೊಳೆ ಒಳಬಂದ ವರ್ಷಗಳನ್ನು ಗೀಟು ಹಾಕಿ ಬರೆದಿದ್ದರು,
ಮಕ್ಕಳ ಎತ್ತರ ಗುರುತು ಮಾಡಿದ ಹಾಗೆ.
ಒಂದು ಗೀಟು ನನ್ನ ನೆತ್ತಿಗಿಂತ ಮೇಲೆ.
ಅದರಡಿ ನಿಂತಾಗ ಯಾಕೋ ಮಿರ್ಜಾನಿನ ಕೋಟೆ ನೆನಪಾಯಿತು.
ಮೂವತ್ತು ವರ್ಷ ಕುಮಟೆಯ ಬಸ್ಸಿನಲ್ಲಿ ಅದರ ಮುಂದೆ ಹಾದಿದ್ದೆ,
ಪ್ರತಿ ಸಲವೂ ನಿದ್ದೆ.

ಈ ಮಾಘದಲ್ಲಿ, ಬೆಳಗಿನ ಐದೂವರೆಗೆ, ಕೋಡಿಬಾಗ ಬಿಟ್ಟೆ.
ಅಣ್ಣನ ಮಗನ ಹಳೇ ಟಿವಿಎಸ್ಸು, ಮುಖ ಮುಚ್ಚುವ ಹೆಲ್ಮೆಟ್ಟು.
ಪರದೇಶಿಯಾಗಿ ಹೋಗುತ್ತೇನೆಂದು ನನಗೆ ನಾನೇ ಆಣೆ ಹಾಕಿಕೊಂಡಿದ್ದೆ:
ಗುರುತಿನವರ ಮನೆಗೆ ಚಾಕ್ಕೆ ಹೋಗತಕ್ಕದ್ದಲ್ಲ,
ಗೊತ್ತಿದ್ದ ದಾರಿಯನ್ನೂ ಕೇಳಿಯೇ ಹೋಗತಕ್ಕದ್ದು.
ಬಿಣಗಾ, ಅವರ್ಸೆ, ಅಂಕೋಲೆ.
ಲಾರಿಗಳು ಪಕ್ಕೆಗೆ ಗಾಳಿ ಗುದ್ದಿ ಹೋದವು.

ಮಿರ್ಜಾನಿನಲ್ಲಿ ಕೆಂಪುಕಲ್ಲಿಗೆ ಕೈಯಿಟ್ಟೆ,
ಒಣಗಿದ ಹಾವಸೆ ಪುಡಿಯಾಗಿ ಅಂಟಿತು.
ಬಾವಿಗೆ ಇಣುಕಿದೆ. ಮೆಣಸು ಹೇರಿಕೊಂಡು ಹೋದ ಹಡಗುಗಳ
ಒಂದು ಸದ್ದೂ ಇಲ್ಲ. ಒಂದು ಕಪ್ಪೆ ಇತ್ತು.

ಮತ್ತೆ, ಯಾರೂ ಕಾಯುವವರಿಲ್ಲವಲ್ಲ,
ಹಿಂದಕ್ಕೆ ತಿರುಗಿ ತದಡಿಗೆ ಬಂದೆ.
ಇಬ್ಬರು ಹುಡುಗರು ಗಾಡಿ ಎತ್ತಿ ದೋಣಿಯಲ್ಲಿಟ್ಟರು.
ನಡುಹೊಳೆಯಲ್ಲಿ, ಬಳಚಿನ ಚೀಲಕ್ಕೆ ಒರಗಿದ್ದವಳು,
"ಯಾವೂರಾಯ್ತು?"
ದೂರ, ಎಂದೆ ಹೆಲ್ಮೆಟ್ಟಿನೊಳಗಿಂದ.
ಸುಳ್ಳು ಅನ್ನಿಸಲಿಲ್ಲ.

ಆಮೇಲೆ ಅವಳ ಹಿಮ್ಮಡಿ ಕಂಡಿತು.
ಚಿಪ್ಪು ಸೀಳಿದ ಗಾಯ, ಅಂಚು ಬೆಳ್ಳಗೆ ಊದಿದೆ,
ಮೇಲೊಂದಿಷ್ಟು ಅರಿಶಿನ.
ಕೈ ನನ್ನನ್ನು ಕೇಳಲಿಲ್ಲ.
ಕಾಲನ್ನು ತೊಡೆಯ ಮೇಲೆಳೆದುಕೊಂಡು ಸುತ್ತ ಒತ್ತಿ ನೋಡಿ
"ಸೂಜಿ ಹಾಕಿಸ್ಕಂಡ್ಯನೇ, ಇಲ್ಲ ಇದನ್ನೇ ಮೆತ್ತಿಕೊಂಡು ಕೂತ್ಯ?" ಎಂದೆ.

"ಅಯ್ಯ! ನರ್ಸಬಾಯೋರು!"
ದೋಣಿಗೆ ದೋಣಿಯೇ ತಿರುಗಿತು.
"ನಮ್ಮ ಗಣಪು ದೊಡ್ಡಾಸ್ಪತ್ರೆಲಿ ಇದ್ದಾಗ
ನೀವೇ ಬೈದದ್ದು, ಹೀಂಗೇ!
ತೆಗೀರಿ ಆ ಡಬ್ಬಿ ತಲೆಯಿಂದ."
ತೆಗೆದೆ. ಬೆವರಿಗೆ ಗಾಳಿ ತಾಗಿತು.
ಒಬ್ರೇ ಎಂತಕ್ಕೆ ಬಂದ್ರಿ, ಗಾಡಿ ಯಾರದ್ದು,
ಮದಿ ಆಗ್ಲೇ ಇಲ್ವಾ ಕಡೆಗೂ.
ಉತ್ತರ ಕೊಡುತ್ತ ಕೊಡುತ್ತ ಹೊಳೆ ಮುಗಿಯಿತು.

ಆಚೆ ದಡದಲ್ಲಿ ಮಂಕಾಳಿ (ಅವಳ ಹೆಸರು ಅದು, ಗಣಪು ಈಗ ಬೋಟಿಗೆ ಹೋಗುತ್ತಾನೆ)
ಬೇಡ ಬೇಡವೆಂದರೂ ಹ್ಯಾಂಡಲಿಗೆ ಒಂದು ಕೊಟ್ಟೆ ಬಳಚು ಸಿಕ್ಕಿಸಿದಳು.
ಕುಮಟೆಯ ದಾರಿಯುದ್ದಕ್ಕೂ ಅದು
ನನ್ನ ಪಾದದ ಮೇಲೆ ಉಪ್ಪುನೀರು ಸೋರುತ್ತ ಬಂತು.

ತಿರುವಿನಲ್ಲಿ ಒಂದು ಗೇರುಮರ, ಅದಕ್ಕೊಂದು ಟಾಯರು.
ಪಂಕ್ಚರೇನೂ ಆಗಿರಲಿಲ್ಲ. ನಿಲ್ಲಿಸಿದೆ.
ಗಾಳಿ ಒಂಚೂರು ನೋಡಿ, ಎಂದೆ.
ಕೂತಲ್ಲಿಂದಲೇ ಚಕ್ರವನ್ನು ಹೆಬ್ಬೆರಳಲ್ಲಿ ಒತ್ತಿ
ಎಲ್ಲಿಂದ, ಎಂದ.
ಕಾ ರ ವಾ ರ, ಎಂದೆ, ಒಂದೊಂದೇ ಅಕ್ಷರ,
ಆ ಘಟ್ಟದ ಬುಡದಲ್ಲಿ ಅವಳು ಹೇಳಿದ ಹಾಗೆ.

ಅವನಿಗೆ ಅಷ್ಟು ಸಾಲಲಿಲ್ಲ.
"ಕಾರವಾರದಲ್ಲೆಲ್ಲಿ?"