ಎರಡಕ್ಕೂ ಮೂರಕ್ಕೂ ನಡುವೆ

"ಹಗಲಲ್ಲಿ ಏನೂ ಮಾಡಲ್ಲಣ್ಣ," ಅಂದ ಗಾದಿಲಿಂಗ,
"ರಾತ್ರಿ ಆಯ್ತಂದ್ರೆ ಹುಚ್ಚು ಹಿಡೀತೈತೆ."
ಕೌಲ್ ಬಜಾರಿನ ನನ್ನ ಶೆಡ್ಡಿನ ಮುಂದೆ
ಇಪ್ಪತ್ತೊಂದು ವರ್ಷದ ಕಾರು,
ಹಿಂದಿನ ಸೀಟಿನ ತುಂಬ ಜೀನ್ಸ್ ಪ್ಯಾಂಟಿನ ಗಂಟು,
ಇನ್ನೂ ಗುಂಡಿ ಹಚ್ಚದವು.

ಎರಡರಿಂದ ಮೂರಕ್ಕೆ ಹೋಗುತ್ತದಂತೆ,
ಹೋಗಿ, ಚೀಲ ಮರೆತು ಬಂದವರ ಹಾಗೆ
ಎರಡಕ್ಕೇ ವಾಪಸ್ಸು.
ಮತ್ತೆ ಮೂರು. ಮತ್ತೆ ಎರಡು.
ರೈಲ್ವೆ ಸೇತುವೆ ಏರುವಾಗ
ಬೆನ್ನಿಗೆ ಯಾರೋ ಗುದ್ದಿದ ಹಾಗೆ ಒಂದು ಏಟು.

ಮೂರು ಗ್ಯಾರೇಜು ತಿರುಗಿ ಬಂದವನು.
ಬಾಕ್ಸೇ ಹೋಗೈತೆ, ತೊಂಬತ್ತು ಸಾವಿರ, ಅಂದನಂತೆ ಒಬ್ಬ.
ಗುಜರಿಗೆ ಹಾಕು ಅಂದನಂತೆ ಇನ್ನೊಬ್ಬ.
ಮೂರನೆಯವ ನಕ್ಕನಂತೆ:
ಸುಮ್ನೆ ಕ್ಲಚ್ಚಿಂದು ತಗೊಳ್ಳೋದಲ್ವಾ?
ಅದಕ್ಕೇನು ಹೇಳಿದೆ ಅಂತ ನಾನು ಕೇಳಲಿಲ್ಲ.
ಇಳಿದು ನಿಂತಾಗ ಕಂಡಿತ್ತು:
ಎಡಗಾಲಿನ ಪ್ಯಾಂಟು ಮೊಣಕಾಲಿನ ಮೇಲೇ ಮಡಿಚಿ
ಒಳಹೊಲಿಗೆ ಹಾಕಿದ್ದು, ಅವನದೇ ಕೈಕೆಲಸ,
ದಾರ ಕೂಡ ಅದೇ ನೀಲಿ.

ಬಾನೆಟ್ ಎತ್ತಿದೆ.
ಗೇರೆಣ್ಣೆಯ ಕಡ್ಡಿ ಎಳೆದು ಬಿಳಿ ಚಿಂದಿಗೆ ಒರೆಸಿ ಮೂಸಿದೆ.
ಸುಟ್ಟ ವಾಸನೆ ಇಲ್ಲ.
ನಿನ್ನೆ ಹಿಂಡಿಟ್ಟ ದಾಳಿಂಬೆ ರಸದ ಬಣ್ಣ, ಅಷ್ಟೆ.
ಬೆರಳ ನಡುವೆ ತಿಕ್ಕಿದೆ, ಮರಳಿಲ್ಲ, ಲೋಹದ ಮಿಂಚಿಲ್ಲ.
ಹೊಟ್ಟೆ ನೆಟ್ಟಗಿದ್ದವನಿಗೆ
ಆಪರೇಷನ್ ಬರೆದುಕೊಟ್ಟಿದ್ದರು.

ಜಿಲಾನಿ ಸ್ಕ್ಯಾನರ್ ಚುಚ್ಚಿದ.
ನಾಲ್ಕು ಕೋಡು, ನಾಲ್ಕೂ ನಾಲ್ಕು ದಿಕ್ಕಿಗೆ.
"ಎಲ್ಲಾ ಹೊಸಾದು ಹಾಕಿಬಿಡೋಣ ಉಸ್ತಾದ್" ಅಂದ,
ಹದಿನೆಂಟು ವರ್ಷಕ್ಕೆ ಬರಬೇಕಾದ ಮಾತೇ.
ನಾಲ್ಕು ಜನ ಒಟ್ಟಿಗೆ ತೊದಲಿದರೆ
ನಾಲಗೆ ಕೆಟ್ಟಿಲ್ಲ ಮಗಾ,
ಅವರು ನಿಂತ ನೆಲ ಅಲುಗ್ತೈತೆ.

ಹಗಲಲ್ಲಿ ಏನೂ ಮಾಡಲ್ಲ.
ಆ ಮಾತು ಕಿವಿಯಲ್ಲೇ ಕೂತಿತ್ತು.
ಗಾಡಿಗೆ ಹಗಲೇನು, ರಾತ್ರಿಯೇನು?
ಕತ್ತಲೆಯ ಭಯವೆಂತೂ ಇಲ್ಲ ಅದಕ್ಕೆ.
ದೀಪ ಇರುತ್ತದೆ.

ಮೀಟರಿನ ಒಂದು ಮುಳ್ಳು ಬ್ಯಾಟರಿಯ ಮೈನಸ್ಸಿಗೆ,
ಇನ್ನೊಂದು ಗೇರ್‌ಬಾಕ್ಸಿನ ಮೈಗೆ.
ಎಂಜಿನ್ ಓಡುತ್ತಿತ್ತು. ಸೊನ್ನೆಯ ಆಸುಪಾಸು.
ಹೆಡ್‌ಲೈಟ್ ಹಾಕು. ಏರಿತು.
ಫ್ಯಾನು. ಇನ್ನೂ ಏರಿತು.
ಹಿಂದಿನ ಗಾಜಿನ ಮಂಜು ಕರಗಿಸುವ ಸ್ವಿಚ್ಚು,
ಬಳ್ಳಾರಿಯಲ್ಲಿ ಹುಟ್ಟಿದ ಯಾರೂ ಮುಟ್ಟದ್ದು,
ಅದನ್ನೂ ಒತ್ತು ಅಂದೆ.
ಸೊನ್ನೆ ಇರಬೇಕಾದಲ್ಲಿ
ಮುಕ್ಕಾಲು ವೋಲ್ಟು.

ಬ್ಯಾಟರಿ ತಟ್ಟೆಯ ಕೆಳಗೆ ಮೊಣಕೈತನಕ ಕೈ ಹಾಕಿದೆ.
ಜಡೆ ಹೆಣೆದ ತಾಮ್ರದ ಪಟ್ಟಿ,
ಎಳೆಗಳಲ್ಲಿ ಉಳಿದದ್ದು ನಾಲ್ಕೋ ಐದೋ,
ಮಿಕ್ಕದ್ದೆಲ್ಲ ಹಸಿರು ಪುಡಿ,
ಅದರ ಮೇಲೆ ಗಟ್ಟಿಯಾಗಿ ಕೂತ ಕೆಂಪು ಧೂಳು.
ಗಣಿ ಜೋರಿದ್ದಾಗ ಸಂಡೂರಿನ ರಸ್ತೆಯಲ್ಲಿ
ಯಾರೋ ಮ್ಯಾನೇಜರನ ಕಾರಾಗಿತ್ತಂತೆ ಇದು.
ಆತ ಈಗ ಎಲ್ಲಿದ್ದಾನೋ,
ಧೂಳು ಮಾತ್ರ ಇಲ್ಲೇ ಇತ್ತು.

ಇಂಥ ಪಟ್ಟಿಗೆ ನಾವು ಅರ್ಥ್ ಅನ್ನುತ್ತೇವೆ.
ಜಿಲಾನಿ ಜಾಬ್ ಪುಸ್ತಕದಲ್ಲಿ
ಒಂದು ಒತ್ತು ಬಿಟ್ಟೋ ಸೇರಿಸಿಯೋ
"ಅರ್ಥ ಕಡಿದಿದೆ" ಎಂದು ಬರೆದ.
ನಾನು ತಿದ್ದಲಿಲ್ಲ.

ಹಳೆ ಲಾರಿಯ ಕೇಬಲ್ಲು ಒಂದೂವರೆ ಗೇಣು,
ಎರಡು ಕಿವಿ, ಒಂದು ಚೂರು ಉಜ್ಜುಕಾಗದ.
ಬಿಲ್ಲು ನೂರಾ ನಲವತ್ತು.
ಗಾದಿಲಿಂಗ ದುಡ್ಡು ಎಣಿಸುತ್ತ
ನನ್ನ ಸೊಂಟ ನೋಡಿ, "ಮೂವತ್ತಾರಾ?" ಅಂದ.
ಮೂವತ್ತೆಂಟು.

ಕತ್ತಲಾಗಲಿ ಎಂದು ಕಾದು ಹೊರಟೆವು,
ದೀಪ, ಫ್ಯಾನು, ಎಲ್ಲ ಹಾಕಿಕೊಂಡು.
ಸೇತುವೆ ಬಂತು.
ಎರಡು ಯಾವಾಗ ಮೂರಾಯಿತೋ
ಗಂಟಿನ ಮೇಲಿದ್ದ ಪ್ಯಾಂಟಿಗೂ ತಿಳಿಯಲಿಲ್ಲ.
ಆದರೆ ಆ ಗಳಿಗೆ, ಪ್ರತಿ ಸಲ,
ಅವನ ಎಡತೊಡೆ ಚೂರೇ ಚೂರು ಎದ್ದು ಇಳಿಯುತ್ತಿತ್ತು:
ಹನ್ನೊಂದು ವರ್ಷ ಅದಿರಿನ ಲಾರಿ ಓಡಿಸಿದ ತೊಡೆ,
ಇಲ್ಲದ ಪಾದದಿಂದ
ಇಲ್ಲದ ಕ್ಲಚ್ಚು ಒತ್ತುತ್ತ.

ಅದಕ್ಕೆ ಎಲ್ಲಿ ಮುಳ್ಳು ಇಟ್ಟು ನೋಡುವುದು?
ಇಬ್ಬರೂ ಸುಮ್ಮನೆ
ಪಾರ್ಸೆಲ್ ಆಫೀಸಿನ ಬೋರ್ಡು ಹುಡುಕಿದೆವು.