ಒಣ ತೂಕ

ಇಬ್ರಿಯ ಆಸ್ಪತ್ರೆ. ಬೆಳಗಿನ ಪಾಳಿ ಆರಕ್ಕೆ.
ತಕ್ಕಡಿ ಹತ್ತುತ್ತಾರೆ ಒಬ್ಬೊಬ್ಬರೇ,
ಚಪ್ಪಲಿ ಬಿಟ್ಟು, ಊರುಗೋಲು ಗೋಡೆಗೆ ಆನಿಸಿ,
ಕೀಲಿಗೊಂಚಲು, ಮೊಬೈಲು, ಜಪಮಣಿ
ನನ್ನ ಕೈಗಿತ್ತು,
ಉಸಿರು ಹಿಡಿದು,
ಉಸಿರಿಗೂ ತೂಕವಿದೆಯೇನೋ ಎಂಬಂತೆ.

ಒಣ ತೂಕ ಎನ್ನುತ್ತೇವೆ ನಾವು:
ನೀರು ಕಳೆದು ಉಳಿಯುವ ಮನುಷ್ಯ.
ಅದರ ಮೇಲೇರಿದ್ದೆಲ್ಲ
ಮೊನ್ನೆಯಿಂದ ಈಚೆಗೆ ಕುಡಿದದ್ದು.
ಕಿಡ್ನಿ ಸುಮ್ಮನಾದ ಮೇಲೆ
ಗುಟುಕು ಗುಟುಕಿಗೂ ಸಾಕ್ಷಿ ಇರುತ್ತದೆ.

ಎಷ್ಟು ಕುಡಿದಿರಿ, ಕೇಳುವುದು ನನ್ನ ಕೆಲಸ.
ವಲ್ಲಾಹಿ, ಅರ್ಧ ಲೀಟರ್.
ಕೆಂಪು ಅಂಕೆ ಬೇರೆಯೇ ಹೇಳುತ್ತದೆ.

ಅಂಕೆ.
ಇಳಕಲ್ಲಿನಲ್ಲಿ ನಮ್ಮಜ್ಜಿಯ ಬಾಯಲ್ಲಿ
ಅದೊಂದು ಬೆತ್ತ:
"ಅಂಕಿಯಿಲ್ಲದ ಮಂಗ ಲಂಕಿ ಸುಟ್ಟಿತಂತ, ನೀ ಮಗ್ಗಾ ಸುಡಾಕೀ."
ಮೂರನೆಯ ಹೋಳಿಗೆಗೆ ಕೈ ಚಾಚಿದಾಗ,
ಎದುರು ಮಾತಾಡಿದಾಗ, ಜೋರಾಗಿ ನಕ್ಕಾಗ.
ಶಾಲೆಯಲ್ಲಿ ಅದು ಬರೀ ಒಂದು, ಎರಡು, ಮೂರು.
ಎರಡೂ ಒಂದೇ ಎಂದು ಹೊಳೆದದ್ದು
ಇಲ್ಲಿ, ಈ ತಕ್ಕಡಿಯ ಪಕ್ಕ,
ಮೂವತ್ತೊಂಬತ್ತು ದಾಟಿ.

ಬೇರೆ ಪದಗಳೂ ಇವೆ.
ಸಂಯಮಕ್ಕೆ ಇಸ್ತ್ರಿ ಮಾಡಿದ ಶರ್ಟು, ಮುಂದೊಂದು ಮೈಕು.
ನಿಗ್ರಹದ ಹಿಂದೆ ಸದಾ ಒಂದು ದಳ.
ಮಿತ, ಪಾಪ, ಹಿತದ ಸೆರಗು ಬಿಟ್ಟು
ಒಬ್ಬಳೇ ಪೇಟೆಗೆ ಹೋದವಳಲ್ಲ.
ಸಬ್ರ್, ಸಬ್ರ್ ಎಂದು ವಾರ್ಡಿನ ತುಂಬ
ಹತ್ತಿಯ ಹಾಗೆ ಹಂಚುತ್ತೇವೆ ದಿನವಿಡೀ.
ಹೊರಗೆ ನಲವತ್ತೇಳು ಡಿಗ್ರಿ.
ಹೊಲಿಗೆ ಅಂಗಡಿಯ ಪುತ್ತುಮೋನು ವಾದಿಸುತ್ತಾನೆ:
"ಐಸು ನೀರು ಹೇಗಾಗುತ್ತೆ ಸಿಸ್ಟರ್,
ಕರಗೋತನಕ ಅದು ಕಲ್ಲೇ ತಾನೆ?"

ಖಲ್ಫಾನನ ಬಗ್ಗೆ ಹೇಳಬೇಕು.
ಊರ ಫಲಜಿನ ನೀರು ಹಂಚುತ್ತಿದ್ದವನು.
ಹಗಲು ನೆಟ್ಟ ಕೋಲಿನ ನೆರಳು,
ರಾತ್ರಿ ಗುಡ್ಡದಂಚು ದಾಟುವ ನಕ್ಷತ್ರ,
ಅರ್ಧ ಗಂಟೆಗೊಂದು ಪಾಲು.
ಆಮೇಲೆ ಒಡ್ಡು ಕಿತ್ತು, ಇನ್ನೊಬ್ಬನ ತೋಟ.
ತಮ್ಮನ ಖರ್ಜೂರ ಒಣಗುತ್ತಿದ್ದಾಗಲೂ
ಒಂದು ಬೆರಳು ನೆರಳು ಹೆಚ್ಚು ಬಿಡಲಿಲ್ಲ.
ತಮ್ಮ ಮಾತು ಬಿಟ್ಟ. ಸಾಯುವವರೆಗೂ.

ಎರಡು ವರ್ಷ ಅವನ ತೂಕ ಅಲುಗಲಿಲ್ಲ.
ಶುಕ್ರವಾರಕ್ಕೊಂದು ಖರ್ಜೂರ,
ಬೀಜ ಮಧ್ಯಾಹ್ನದತನಕ ದವಡೆಯಲ್ಲಿ.
ಒಂದು ಫಿಂಜಾನ್ ಕಹ್ವಾ.
ಮತ್ತೆ ಸುರಿಯಹೋದರೆ ಖಾಲಿ ಬಟ್ಟಲನ್ನು
ಎರಡು ಬೆರಳಲ್ಲಿ ಅತ್ತಿತ್ತ ಅಲುಗಿಸುತ್ತಾನೆ.
ಬೇಡ ಅಲ್ಲ ಅದು.
ನಮ್ಮಲ್ಲಿ ಸಾಕು ಎನ್ನುತ್ತೇವೆ, ಎಂದೆ,
ಕರುವನ್ನು, ಮಗುವನ್ನು ಸಾಕು ಎನ್ನಲೂ ಅದೇ ಮಾತು.
ಬೊಚ್ಚು ಬಾಯಿ ನಕ್ಕಿತು:
"ಒಂದೇ ಮಾತು, ಎರಡು ತೋಟಕ್ಕೆ ನೀರು!"

ಕಳೆದ ಮಂಗಳವಾರ
ಮೂರು ಕಿಲೋ ಎಂಟುನೂರು ಹೆಚ್ಚು.
ಊದಿದ ಕಾಲು, ಎದೆಯಲ್ಲಿ ಗೊರಗೊರ.
ಭಾನುವಾರ ಬೆಟ್ಟದ ಮೇಲೆ ಮಳೆಯಂತೆ,
ಬತ್ತಿದ ಫಲಜಿಗೆ ನೀರು ಮರಳಿತಂತೆ,
ಮೊಮ್ಮಗ ಕರೆದೊಯ್ದನಂತೆ.
ಮಂಡಿಯೂರಿ, ಬೊಗಸೆಯಲ್ಲಿ.
ಎಷ್ಟು ಬೊಗಸೆ?
"ಎಣಿಸಲಿಲ್ಲ" ಎಂದ,
ಜೀವಮಾನವಿಡೀ ಎಣಿಸಿದವನು.

ಅಜ್ಜಿಯ ಬೈಗುಳ, ಮಂಗ ಲಂಕೆ ಸಮೇತ,
ಅರಬಿಗೆ ತಿರುಗಿ ನಾಲಿಗೆಯವರೆಗೆ ಬಂದಿತ್ತು.
ಹಲ್ಲಿನ ಹಿಂದೆ ನಿಂತಿತು.
ಸೂಜಿ ಹಾಕಿದೆ. ಐದು ಗಂಟೆಗೆ ತಿರುಗಿಸಿದೆ ಯಂತ್ರವನ್ನು:
ಒಮ್ಮೆಲೇ ಹಿಂಡಿದರೆ ಕಾಲು ಸೆಟೆಯುತ್ತದೆ,
ಕಣ್ಣು ಕತ್ತಲಿಡುತ್ತದೆ.
ನೀರು ಹೇಗಿತ್ತು, ಎಂದು ಕೇಳಿದೆ.
ಕಣ್ಣು ಮುಚ್ಚಿಯೇ ಹೇಳಿದ:
"ಕಲ್ಲಿನ ರುಚಿ. ತಣ್ಣಗೆ."

ಕಾರಣ ಎಂಬ ಅಂಕಣ ಖಾಲಿ ಬಿಟ್ಟು
ಅಂಕೆಯಷ್ಟೇ ಬರೆದೆ.
ಪಕ್ಕದ ಹಾಸಿಗೆಯಿಂದ ಪುತ್ತುಮೋನು:
"ಅವರಿಗೆ ಒಂದು ಮಾತಿಲ್ಲ.
ನನಗಾದರೆ ಒಂದು ತುಂಡು ಐಸಿಗೆ
ಇಡೀ ರಾಮಾಯಣ."