ಎಣ್ಣೆಯ ಲೆಕ್ಕ

ಇಪ್ಪತ್ತಾರು ವರ್ಷ ನಾನು ಹಡಗಿನ ಹೊಟ್ಟೆಯಲ್ಲಿದ್ದೆ.
ವೆಸ್ಟ್ರೇಯಿಂದ ಕರ್ಕ್‌ವಾಲ್, ಕರ್ಕ್‌ವಾಲಿಂದ ವೆಸ್ಟ್ರೇ.
ಮೇಲೆ ಕುರಿ, ಟ್ರ್ಯಾಕ್ಟರು, ಮದುವೆಗೆ ಹೊರಟ ಟೋಪಿಗಳು;
ಕೆಳಗೆ ನಾನು, ಮೆರನ್ ಫ್ಲೆಟ್, ಎರಡನೇ ಎಂಜಿನಿಯರು,
ಡೀಸೆಲ್ಲಿನ ಕೆಮ್ಮು ಕೇಳಿ ಅದರ ಜ್ವರ ಹೇಳುತ್ತಿದ್ದವಳು.

ಲಾಗ್ ಪುಸ್ತಕದಲ್ಲಿ ದಿನಾ ಎರಡೇ ಸಾಲು:
ಕುಡಿದ ಎಣ್ಣೆ ಇಷ್ಟು. ಸಾಗಿದ ದೂರ ಇಷ್ಟು.
ಮೊದಲನೆಯದು ಏರಿ, ಎರಡನೆಯದು ಏರದಿದ್ದರೆ
ಎಲ್ಲೋ ಸೋರುತ್ತಿದೆ.
ಟಾರ್ಚು ಹಿಡಿ, ಮಂಡಿಯೂರು, ಹುಡುಕು.

ಈಗ ಸೋರುತ್ತಿರುವುದು ನಾನು.

"ನರಕ್ಕೆ ಸುತ್ತಿದ ಕೊಬ್ಬಿನ ಪದರ," ಅಂದಳು ಅಬರ್ಡೀನಿನ ಡಾಕ್ಟರು,
"ನಿನ್ನ ಕಾವಲಿನವರೇ ಅದನ್ನು ಕಿತ್ತು ತಿಂದಿದ್ದಾರೆ."
ಗೊತ್ತು, ಅಂದೆ. ಇಲಿ ಕಡಿದ ವಯರು ಎಷ್ಟು ನೋಡಿಲ್ಲ.
ಅವಳು ಪೆನ್ನು ಕೆಳಗಿಟ್ಟಳು. "ಅಷ್ಟೇ ಅಲ್ಲ, ಕೇಳು.
ಮೊದಲು ಉಪ್ಪು ಒಳಬರುತ್ತಿದ್ದುದು ಗೆಣ್ಣುಗೆಣ್ಣಿನಲ್ಲಿ ಮಾತ್ರ,
ಈಗ ಬರಿಮೈ ಉದ್ದಕ್ಕೂ.
ಒಂದು ಸುದ್ದಿ ದಾಟಿದರೆ ಸಾಕು, ನುಗ್ಗಿದ ಉಪ್ಪನ್ನೆಲ್ಲ
ಎತ್ತಿ ಎತ್ತಿ ಹೊರಗೆ ಚೆಲ್ಲಬೇಕು.
ಬೊಗಸೆ ಬೊಗಸೆಗೂ ಉರುವಲು ಬೇಕು.
ಉರಿಸುವ ಪುಟ್ಟ ಒಲೆಗಳಿಗೋ ಮಸಿ ಹಿಡಿದಿದೆ."

ಬಿಲ್ಜ್ ಪಂಪು! ಅಂದುಬಿಟ್ಟೆ.
ಹಡಗು ಬಿರಿದಿದೆ, ಪಂಪು ಹಗಲಿರುಳು ಓಡುತ್ತಿದೆ,
ಎಣ್ಣೆಯೆಲ್ಲ ತೇಲುವುದಕ್ಕೇ ಖರ್ಚು,
ತೀರ ಸೇರುವುದಕ್ಕೆ ಏನೂ ಉಳಿದಿಲ್ಲ.
ಅವಳಿಗೆ ನಗು ಬಂತು. ನನಗೂ. ಆಮೇಲೆ ನನಗೆ ಬರಲಿಲ್ಲ.

ಎರ್ಲೆಂಡ್ ಬಾರ್ಲಿ ರೊಟ್ಟಿ ಸುಡುತ್ತಾನೆ,
"ಇನ್ನೊಂದು ತಿನ್ನು, ಶಕ್ತಿ ಬರುತ್ತದೆ."
ಕಣಜ ತುಂಬಿದೆ ಮಾರಾಯ, ಒಲೆಯಲ್ಲಿ ಹೊಗೆ.
ಹೇಳಿ ಹೇಳಿ ಸಾಕಾಗಿ ಕಿಟಕಿ ತೋರಿಸುತ್ತೇನೆ:
ದಿಬ್ಬದ ಮೇಲೆ ಆ ಗಾಳಿಯಂತ್ರ,
ಹೊರಗೆ ಕುರಿ ಹಾರಿಹೋಗುವಂಥ ಬಿರುಗಾಳಿ,
ಆದರೂ ಮೂರು ರೆಕ್ಕೆಯೂ ಗಪ್‌ಚಿಪ್.
ಸಮುದ್ರದಡಿಯ ತಂತಿ ಹೊರಲಾರದು, ನಿಲ್ಲಿಸಿಬಿಡಿ
ಎಂದಿದ್ದಾರಂತೆ ಯಾರೋ ದೂರದಲ್ಲಿ.
ಎರ್ಲೆಂಡ್ ನೋಡುತ್ತಾನೆ. ರೊಟ್ಟಿಗೆ ಬೆಣ್ಣೆ ಹಚ್ಚುತ್ತಾನೆ.

ಬಿಸಿನೀರ ಸ್ನಾನ ನಿಷಿದ್ಧ; ಮೈ ಕಾದರೆ ಕಣ್ಣು ಮಬ್ಬು.
ನಲವತ್ತೈದು ಡಿಗ್ರಿಯಲ್ಲಿ ಹಾಡು ಗುನುಗಿದವಳು
ಜನವರಿಯಲ್ಲಿ ಕಿಟಕಿ ತೆರೆದು ಕೂತಿದ್ದೇನೆ.
ಬಿಸಿಲು ಕಾಣದ ಚಳಿಗಾಲದ್ದೇ ತಪ್ಪು ಎನ್ನುತ್ತಾರೆ ಒಬ್ಬರು,
ಹಳೆಯ ನಾರ್ಸ್ ರಕ್ತದ್ದು ಎನ್ನುತ್ತಾರೆ ಇನ್ನೊಬ್ಬರು.
ಅಂಚೆಯವನ ಅಕ್ಕನಿಗೂ ಇದೇ. ಮೇಷ್ಟರ ಮಗನಿಗೂ.
ನಮ್ಮ ದ್ವೀಪಗಳಲ್ಲಿ ಯಾರೂ ಸ್ಪೆಲ್ಲಿಂಗ್ ಕೇಳುವುದಿಲ್ಲ.

ಕಾರ್ಡಿಗನ್ನಿಗೆ ಆರು ಗುಂಡಿ.
ನಾಲ್ಕು ನಾನು ಹಾಕುತ್ತೇನೆ, ಐದನೆಯದಕ್ಕೆ ಬೆರಳು ದಿವಾಳಿ.
ಅವನು ಬಂದು ಉಳಿದೆರಡು ಹಾಕಿ
ಮಾತಾಡದೆ ಹೋಗುತ್ತಾನೆ. ಸಿಟ್ಟು ಬರುತ್ತದೆ ನನಗೆ.
ಆಗ ಡಾಕ್ಟರು ಕೊನೆಗೆ ಹೇಳಿದ್ದು ನೆನಪಾಗುತ್ತದೆ:
"ಆ ಪದರ ಬರೀ ಹೊದಿಕೆಯಲ್ಲ, ಮೆರನ್,
ಒಳಗಿನ ನರಕ್ಕೆ ತುತ್ತು ಕೊಡುತ್ತಿದ್ದುದೂ ಅದೇ."
ಗೊತ್ತಿರಲಿಲ್ಲ.
ಅಪ್ಪಿಕೊಂಡದ್ದೇ ಉಣಿಸುತ್ತಿತ್ತು ಎಂದು.

ಲಾಗ್ ಬರೆಯುವುದು ಮಾತ್ರ ಬಿಟ್ಟಿಲ್ಲ.
ಒಮ್ಮೆಯಷ್ಟೇ ಸುಳ್ಳು ಬರೆದಿದ್ದೆ: ಡ್ರೆವರ್ ಹುಡುಗ
ನಲವತ್ತು ಲೀಟರು ಚೆಲ್ಲಿ ಅಳುತ್ತಾ ನಿಂತಿದ್ದ;
ಎಂಜಿನ್ ಕುಡಿಯಿತು ಎಂದು ಬರೆದೆ.
ಇವತ್ತು ಎರಡನೆಯ ಸಲ.
ಗಾಳಿ ವಾಯವ್ಯ. ಎಣ್ಣೆ, ಒಂದು ದಿನದ್ದು ಪೂರ್ತಿ.
ದೂರ: ಮಂಚದಿಂದ ಕಿಟಕಿಗೆ ಹನ್ನೊಂದು ಹೆಜ್ಜೆ.
ಹನ್ನೆರಡು ಎಂದು ಬರೆದಿದ್ದೇನೆ.